ಬರದಲ್ಲಿ ಬಿರಿದ ಎರೆ ನೆಲ, ಮಳೆಯಲ್ಲಿ ಅಲುಗಿದ ಮನೆ

ಬರಗಾಲದ ಬೆನ್ನಿಗೇ ಜೋರು ಮಳೆ ಸುರಿದಾಗ ಮನೆಗಳಿಗೆ ಆಗುವ ಹಾನಿಯ ಕುರಿತು ಓದುಗರು ಕೇಳಿರುವ ಮೂರು ಪ್ರಶ್ನೆಗಳಿಗೆ, ಉತ್ತರ ಕರ್ನಾಟಕದ ಎರೆ (ಕಪ್ಪು ಜೇಡಿ ಮಣ್ಣಿನ) ಸೀಮೆಯಲ್ಲಿ ದೀರ್ಘಕಾಲ ಕೆಲಸ ಮಾಡಿರುವ ನಿವೃತ್ತ ಸಿವಿಲ್ ಎಂಜಿನಿಯರ್ ಒಬ್ಬರು ಇಲ್ಲಿ ಉತ್ತರಿಸಿದ್ದಾರೆ.

ಪ್ರಶ್ನೆ: ನಮ್ಮದು ನವಲಗುಂದ ತಾಲ್ಲೂಕಿನ ಹಳ್ಳಿ. ಹನ್ನೆರಡು ವರ್ಷಗಳ ಹಿಂದೆ ಕಲ್ಲಿನ ಪಾಯ ಹಾಕಿ, ಇಟ್ಟಿಗೆ ಗೋಡೆ ಮತ್ತು ಸ್ಲ್ಯಾಬ್ ಇರುವ ಮನೆ ಕಟ್ಟಿಸಿದ್ದೇವೆ. ಬರದ ಬೇಸಿಗೆಯಲ್ಲಿ ಗೋಡೆಯ ಬುಡಕ್ಕೂ ನೆಲಕ್ಕೂ ನಡುವೆ ಕೈ ತೂರುವಷ್ಟು ಸಂದು ಬಿಟ್ಟಿತ್ತು, ಬಾಗಿಲಿನ ಮೇಲ್ಮೂಲೆಯಿಂದ ಓರೆಯಾಗಿ ಬಿರುಕು ಬಂದಿತ್ತು. ಗೌಂಡಿಯವರನ್ನು ಕರೆಸಿ ಸಿಮೆಂಟ್ ತುಂಬಿಸಿದೆವು. ಜೋರು ಮಳೆಯಾದ ಮೇಲೆ ಆ ಬಿರುಕಿನ ಪಕ್ಕದಲ್ಲೇ ಹೊಸ ಬಿರುಕು ಮೂಡಿದೆ, ಬಾಗಿಲು ಚೌಕಟ್ಟಿಗೆ ಕೂರುತ್ತಿಲ್ಲ, ಪಡಸಾಲೆಯ ಪರ್ಸಿ (ನೆಲಕ್ಕೆ ಹಾಸಿದ ಚಪ್ಪಡಿ ಕಲ್ಲು) ಉಬ್ಬಿದೆ. ಗೋಡೆಯಿಂದ ಆರು ಅಡಿ ದೂರದಲ್ಲಿರುವ ಬೇವಿನ ಮರವೇ ಕಾರಣ, ಕಡಿಸಿರಿ ಎನ್ನುತ್ತಾರೆ. ಮನೆ ಬೀಳುವ ಭಯವಿದೆಯೇ? ಹಿತ್ತಲಿನ ಕಡೆಗೆ ಒಂದು ಕೋಣೆ ಸೇರಿಸಬೇಕೆಂದಿದ್ದೆವು, ಅದನ್ನು ಕಟ್ಟಬಹುದೇ?

ಉತ್ತರ: ತಾವು ಬರೆದಿರುವ ಲಕ್ಷಣಗಳು ಎರೆ ನೆಲದ ಮನೆಗಳಲ್ಲಿ ಮತ್ತೆ ಮತ್ತೆ ಕಾಣುವಂಥವು. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳ ಪೈಕಿ 223 ತಾಲ್ಲೂಕುಗಳನ್ನು ಬರಪೀಡಿತವೆಂದು ಘೋಷಿಸಲಾಗಿತ್ತು. ಅಂಥ ವರ್ಷದಲ್ಲಿ ಎರೆ ಹೊಲದ ಬಿರುಕಿಗೆ ಬಾರುಕೋಲು ಇಳಿಬಿಟ್ಟರೂ ತಳ ಸಿಗುವುದಿಲ್ಲ ಎಂಬುದು ತಮಗೆ ನನಗಿಂತ ಚೆನ್ನಾಗಿ ಗೊತ್ತು. ಹೊಲದಲ್ಲಿ ಆಗುವುದೇ ಮನೆಯ ಕೆಳಗೂ ಆಗುತ್ತದೆ. ಎರೆ ಮಣ್ಣಿನಲ್ಲಿ ಮಾಂಟ್‌ಮೋರಿಲೊನೈಟ್ ಎಂಬ ಜೇಡಿ ಖನಿಜ ಹೇರಳವಾಗಿರುತ್ತದೆ. ಅದರ ಪದರಗಳ ನಡುವೆ ನೀರು ಸೇರಿದಾಗ ಮಣ್ಣು ಉಬ್ಬುತ್ತದೆ, ಆರಿದಾಗ ಕುಗ್ಗುತ್ತದೆ. ಮನೆಯ ನಟ್ಟನಡುವಿನ ಮಣ್ಣಿಗೆ ಬಿಸಿಲು ತಾಗದ ಕಾರಣ ಅಲ್ಲಿ ತೇವ ಬಹುಕಾಲ ಉಳಿಯುತ್ತದೆ. ಹೊರಗೋಡೆಗಳ ಕೆಳಗಿನ ಮಣ್ಣು ಮಾತ್ರ ಬರದಲ್ಲಿ ಒಣಗಿ ಕುಗ್ಗಿ, ಮೂಲೆಗಳು ಕೆಳಕ್ಕೆ ಇಳಿಯುತ್ತವೆ. ಆಗ ಬರುವ ಬಿರುಕು ಮೇಲ್ಭಾಗದಲ್ಲಿ ಅಗಲವಾಗಿಯೂ ಕೆಳಗೆ ಸಣ್ಣದಾಗಿಯೂ ಇರುತ್ತದೆ. ಮಳೆ ಬಂದಾಗ ಇದೇ ಕ್ರಿಯೆ ತಿರುಗುತ್ತದೆ. ಅಂಚಿನ ಮಣ್ಣು ಮೊದಲು ನೀರು ಕುಡಿದು ಗೋಡೆಯನ್ನು ಮೇಲಕ್ಕೆ ಎತ್ತುತ್ತದೆ, ಅಷ್ಟರಲ್ಲಿ ನಡುಭಾಗ ಇನ್ನೂ ಒಣಗಿಯೇ ಇದ್ದರೆ ಬುಡದ ಕಡೆ ಅಗಲವಾದ ಬಿರುಕುಗಳು ಕಾಣಿಸಿಕೊಳ್ಳುತ್ತವೆ. ಆದ್ದರಿಂದ ಬಿರುಕಿನ ಯಾವ ತುದಿ ಅಗಲವಾಗಿದೆ ಎಂಬುದನ್ನು ಮೊದಲು ನೋಡಿರಿ. ಹಾನಿ ಬರದ್ದೋ ಮಳೆಯದ್ದೋ ಎಂಬುದಕ್ಕೆ ಅದೇ ಮೊದಲ ಸಾಕ್ಷಿ.

ಹೊಸ ಬಿರುಕು ಹಳೆಯದರ ಪಕ್ಕದಲ್ಲೇ ಏಕೆ ಬಂತು ಎಂಬುದಕ್ಕೂ ಉತ್ತರ ಇಲ್ಲೇ ಇದೆ. ಬೇಸಿಗೆಯಲ್ಲಿ ಬಾಯ್ದೆರೆದ ಬಿರುಕು ಮಳೆಗಾಲದಲ್ಲಿ ತಾನಾಗಿಯೇ ಮುಚ್ಚಿಕೊಳ್ಳಲು ಹವಣಿಸುತ್ತದೆ. ಅದರೊಳಗೆ ಗಟ್ಟಿ ಸಿಮೆಂಟ್ ಗಾರೆ ತುಂಬಿದ್ದರೆ ಅದು ಬೆಣೆಯಂತೆ ನಿಂತು ಗೋಡೆಯನ್ನು ಪಕ್ಕಕ್ಕೆ ಒತ್ತುತ್ತದೆ, ಒತ್ತಡ ತಾಳದ ಗೋಡೆ ಮತ್ತೊಂದು ಕಡೆ ಸೀಳುತ್ತದೆ. ಇದಕ್ಕೆ ಗೌಂಡಿಯವರನ್ನು ದೂರುವುದು ನ್ಯಾಯವಲ್ಲ. ಬಿರುಕು ಕಾಣದಂತೆ ಮಾಡಿಕೊಡಿ ಎಂದಷ್ಟೇ ಮನೆಯವರು ಕೇಳಿರುತ್ತಾರೆ, ಅವರು ಅಷ್ಟನ್ನೇ ಮಾಡಿಕೊಟ್ಟಿರುತ್ತಾರೆ.

ಈಗ ಬಿರುಕನ್ನು ಮುಟ್ಟದೆ ಅದರ ಲೆಕ್ಕ ಇಡಲು ಆರಂಭಿಸಿರಿ. ಬಿರುಕಿನ ಎರಡೂ ಬದಿಗೆ ಪೆನ್ಸಿಲಿನಿಂದ ಚುಕ್ಕೆ ಇಟ್ಟು, ಅವುಗಳ ನಡುವಿನ ಅಂತರವನ್ನು ಮಿಲಿಮೀಟರಿನಲ್ಲಿ ಅಳೆದು, ಪಕ್ಕದಲ್ಲೇ ದಿನಾಂಕ ಬರೆಯಿರಿ. ತಿಂಗಳಿಗೊಮ್ಮೆ ಅಳೆದರೆ ಸಾಕು, ಆದರೆ ಒಂದು ಮಳೆಗಾಲ ಮತ್ತು ಒಂದು ಬೇಸಿಗೆ ಪೂರ್ತಿಯಾಗಬೇಕು. ಐದು ಮಿಲಿಮೀಟರಿನೊಳಗೆ ಇದ್ದು ಋತುವಿನೊಂದಿಗೆ ಹಿಗ್ಗಿ ಕುಗ್ಗುವ ಬಿರುಕು ಕಣ್ಣಿಗೆ ಕಸಿವಿಸಿ ಉಂಟುಮಾಡುತ್ತದೆಯೇ ಹೊರತು ಸಾಮಾನ್ಯವಾಗಿ ಮನೆಗೆ ಅಪಾಯವಲ್ಲ. ಹದಿನೈದು ಮಿಲಿಮೀಟರ್ ದಾಟಿದ್ದರೆ, ತೂಗುಗುಂಡು ಹಿಡಿದು ನೋಡಿದಾಗ ಗೋಡೆ ಹೊರಕ್ಕೆ ವಾಲಿದ್ದರೆ, ಸ್ಲ್ಯಾಬು ಗೋಡೆಯ ಮೇಲಿನಿಂದ ಜರುಗಿದ್ದರೆ ಅಥವಾ ಬಿರುಕು ವಾರದಿಂದ ವಾರಕ್ಕೆ ಒಂದೇ ದಿಕ್ಕಿನಲ್ಲಿ ಬೆಳೆಯುತ್ತಿದ್ದರೆ ಕಾಯುವ ಮಾತಿಲ್ಲ: ಆ ಕೋಣೆಯನ್ನು ಖಾಲಿ ಮಾಡಿ, ಎಂಜಿನಿಯರ್ ಒಬ್ಬರನ್ನು ಕರೆಸಿ ತೋರಿಸಬೇಕು.

ಲೆಕ್ಕ ಇಡುವ ಈ ಒಂದು ವರ್ಷದಲ್ಲಿ ಮಾಡಲೇಬೇಕಾದ ಕೆಲಸವೆಂದರೆ ನೀರಿನ ದಾರಿಯನ್ನು ಸರಿಪಡಿಸುವುದು. ಎರೆ ಮಣ್ಣು ಒಣಗಿದ್ದರೂ ಮನೆ ನಿಲ್ಲುತ್ತದೆ, ಒದ್ದೆಯಾಗಿದ್ದರೂ ನಿಲ್ಲುತ್ತದೆ. ಒಂದು ಬದಿ ಒಣಗಿ ಇನ್ನೊಂದು ಬದಿ ಒದ್ದೆಯಾದಾಗ ಅಥವಾ ಒಂದೇ ಜಾಗ ವರ್ಷದಲ್ಲಿ ಎರಡು ಸಲ ರೂಪ ಬದಲಿಸಿದಾಗ ಮಾತ್ರ ಗೋಡೆ ಸೀಳುತ್ತದೆ. ಮನೆಯ ಸುತ್ತ ಐದಾರು ಅಡಿ ಅಗಲಕ್ಕೆ ಮೇಲಿನ ಮಣ್ಣನ್ನು ಮುಕ್ಕಾಲು ಅಡಿಯಷ್ಟು ತೆಗೆದು, ದಪ್ಪ ಪ್ಲಾಸ್ಟಿಕ್ ಹಾಳೆ ಹಾಸಿ, ಅದರ ಮೇಲೆ ಗರಸು ತುಂಬಿ ದಮ್ಮಸ್ಸು ಮಾಡಿ, ನೀರು ಗೋಡೆಯಿಂದ ಆಚೆಗೆ ಹರಿಯುವಂತೆ ಇಳಿಜಾರು ಕೊಟ್ಟು ಮೇಲೆ ಪರ್ಸಿ ಅಥವಾ ತೆಳು ಕಾಂಕ್ರೀಟ್ ಹಾಸಿರಿ. ಈ ಹಾಸು ಗೋಡೆಗೆ ಅಂಟಿಕೊಂಡಿರಬಾರದು. ನಡುವೆ ಅರ್ಧ ಇಂಚು ಬಿಟ್ಟು ಅದಕ್ಕೆ ಡಾಂಬರು ತುಂಬಿದರೆ ಎರಡೂ ತಮ್ಮ ಪಾಡಿಗೆ ಅಲುಗಬಲ್ಲವು. ಬೇಸಿಗೆಯಲ್ಲಿ ಬಿಡುವ ಸಂದಿಗೆ ಮರಳು ಸುರಿಯುವ ರೂಢಿಯನ್ನು ಅನೇಕ ಊರುಗಳಲ್ಲಿ ಕಂಡಿದ್ದೇನೆ. ಅದು ಬೇಡ. ಮರಳು ಮೊದಲ ಮಳೆಯ ನೀರನ್ನು ನೇರವಾಗಿ ಪಾಯದ ತಳಕ್ಕೆ ಮುಟ್ಟಿಸುತ್ತದೆ. ಹಾಗೆಯೇ ಗೋಡೆಗೆ ತಾಗಿದ ಇಂಗುಗುಂಡಿ, ಬಚ್ಚಲ ನೀರು ನಿಲ್ಲುವ ಮೂಲೆ, ಸೋರುವ ನಲ್ಲಿ, ಗೋಡೆ ಪಕ್ಕದ ಹೂವಿನ ಮಡಿ ಇವೆಲ್ಲವನ್ನೂ ಕನಿಷ್ಠ ಹದಿನೈದು ಅಡಿ ದೂರಕ್ಕೆ ಸಾಗಿಸಿರಿ.

ಬೇವಿನ ಮರವನ್ನು ದಯವಿಟ್ಟು ಕಡಿಸಬೇಡಿರಿ. ಬರದಲ್ಲಿ ಅದರ ಬೇರುಗಳು ಪಾಯದ ಕೆಳಗಿನ ತೇವವನ್ನು ಹೀರಿದ್ದು ನಿಜವಿರಬಹುದು. ಆದರೆ ಮನೆಗಿಂತ ಹಳೆಯದಾದ ಮರವನ್ನು ಒಮ್ಮೆಲೇ ತೆಗೆದರೆ, ಅದು ವರ್ಷಗಟ್ಟಲೆ ಒಣಗಿಸಿಟ್ಟಿದ್ದ ಮಣ್ಣು ಮತ್ತೆ ನೀರು ತುಂಬಿಕೊಂಡು ಹಲವು ವರ್ಷ ಉಬ್ಬುತ್ತಲೇ ಹೋಗಬಹುದು, ಪಾಯವನ್ನೂ ಎತ್ತಬಹುದು. ಪ್ರತಿವರ್ಷ ಕೊಂಬೆಗಳನ್ನು ಸವರಿ ಎಲೆಯ ಹೊರೆ ಇಳಿಸಿದರೆ ಮರ ಕುಡಿಯುವ ನೀರೂ ಇಳಿಯುತ್ತದೆ. ಹೊಸ ಗಿಡಗಳನ್ನು ಮಾತ್ರ, ಅವು ಬೆಳೆದಾಗ ಎಷ್ಟು ಎತ್ತರವಾಗುತ್ತವೆಯೋ ಅಷ್ಟು ದೂರದಲ್ಲಿ ನೆಡಿರಿ.

ಒಂದು ವರ್ಷದ ಲೆಕ್ಕದಲ್ಲಿ ಬಿರುಕು ಶಾಂತವಾಗಿದ್ದರೆ, ಮಳೆಗಾಲ ಮುಗಿದು ನೆಲ ಅತಿ ಒದ್ದೆಯೂ ಅತಿ ಒಣವೂ ಅಲ್ಲದ ದಿನಗಳಲ್ಲಿ ಹಳೆಯ ಸಿಮೆಂಟನ್ನು ಕೆತ್ತಿ ತೆಗೆಸಿ, ಸುಣ್ಣ ಬೆರೆಸಿದ ಮೆದು ಗಾರೆಯನ್ನು ತುಂಬಿಸಿರಿ. ಪರ್ಸಿಯನ್ನೂ ಆಗಲೇ ಎತ್ತಿ ಮರುಹಾಸಬಹುದು.

ಹೊಸ ಕೋಣೆಯನ್ನು ಕಟ್ಟಬಹುದು, ಆದರೆ ಹಳೆಯ ಗೋಡೆಗೆ ಬೆಸೆಯದೆ, ನಡುವೆ ಇಂಚಿನಷ್ಟು ಅಂತರವಿಟ್ಟು ಕಟ್ಟಿರಿ. ಮೊದಲು ಮಣ್ಣಿನ ಉಬ್ಬು ಪರೀಕ್ಷೆ ಮಾಡಿಸಿರಿ. ಎಂಜಿನಿಯರಿಂಗ್ ಕಾಲೇಜುಗಳ ಪ್ರಯೋಗಾಲಯಗಳಲ್ಲಿ ಜರಡಿ ಹಿಡಿದ 10 ಗ್ರಾಂ ಮಣ್ಣನ್ನು ನೀರಿನಲ್ಲಿಯೂ ಅಷ್ಟೇ ಮಣ್ಣನ್ನು ಸೀಮೆಎಣ್ಣೆಯಲ್ಲಿಯೂ ಒಂದು ದಿನ ಬಿಟ್ಟು, ಎರಡರ ಗಾತ್ರವನ್ನು ಹೋಲಿಸುತ್ತಾರೆ. ವ್ಯತ್ಯಾಸ ಶೇ 50 ಮೀರಿದ್ದರೆ ಸಾಮಾನ್ಯ ಪಾಯ ಸಾಲದು. ಎರೆಯ ಆಳ ಹೆಚ್ಚಿರುವಲ್ಲಿ ಮೂರೂವರೆ ಮೀಟರ್ ಅಥವಾ ಅದಕ್ಕೂ ಆಳಕ್ಕೆ ಕೊರೆದು, ತಳದಲ್ಲಿ ಗಡ್ಡೆಯಂತೆ ಅಗಲ ಮಾಡಿದ ಅಂಡರ್‌ರೀಮ್ಡ್ ಪೈಲ್‌ಗಳನ್ನು ಹಾಕುವುದು ಪರೀಕ್ಷಿತ ಮಾರ್ಗ. ಅವುಗಳ ಮೇಲಿನ ತೊಲೆ ನೆಲಕ್ಕೆ ತಾಗದೆ 8 ಸೆಂಟಿಮೀಟರ್ ಮೇಲೆ ನಿಂತಿರಬೇಕು. ಆ ಖಾಲಿ ಜಾಗವೇ ಮಣ್ಣಿಗೆ ಉಬ್ಬಲು ಕೊಟ್ಟ ಅವಕಾಶ. ಗಟ್ಟಿಯಾಗಲೆಂದು ಅಲ್ಲಿ ಕಲ್ಲು ತುರುಕುವವರನ್ನು ತಡೆಯುವುದು ತಮ್ಮ ಕೆಲಸ.

ಪ್ರಶ್ನೆ: ಬಾದಾಮಿ ತಾಲ್ಲೂಕಿನಲ್ಲಿ ನಮ್ಮ ಅಜ್ಜನ ಕಾಲದ ಮಣ್ಣಿನ ಮಾಳಿಗೆ ಮನೆ ಇದೆ. ಬರದಲ್ಲಿ ಮಾಳಿಗೆಯ ಮಣ್ಣು ಬಿರಿದಿತ್ತು, ಜಂತಿಗಳಿಗೆ ಒರಲೆ ಹತ್ತಿತ್ತು. ಈಗ ನಾಲ್ಕು ದಿನ ಹಿಡಿದ ಮಳೆಗೆ ಎರಡು ಕಡೆ ಸೋರುತ್ತಿದೆ, ಪೂರ್ವದ ಗೋಡೆ ಬುಡದಲ್ಲಿ ಹೊಟ್ಟೆ ಬಿಟ್ಟಿದೆ. ಮೇಲೆ ಇನ್ನೊಂದು ಪದರ ಮಣ್ಣು ಹಾಕಿಸಿ, ಗೋಡೆಗೆ ಸಿಮೆಂಟ್ ಪ್ಲಾಸ್ಟರ್ ಮಾಡಿಸಿದರೆ ಸರಿಹೋಗುವುದೇ?

ಉತ್ತರ: ಎರಡನ್ನೂ ಮಾಡಿಸಬೇಡಿರಿ, ಮತ್ತು ಆ ಗೋಡೆಯ ಬಳಿ ಇಂದಿನಿಂದಲೇ ಯಾರನ್ನೂ ಮಲಗಿಸಬೇಡಿರಿ. ದನಗಳನ್ನೂ ಅಲ್ಲಿಂದ ಬಿಚ್ಚಿ ಬೇರೆಡೆ ಕಟ್ಟಿರಿ. ಬುಡದಲ್ಲಿ ಉಬ್ಬಿದ ಮಣ್ಣಿನ ಗೋಡೆ ಮಳೆ ನಿಂತ ಮೇಲೆಯೂ ಬೀಳಬಹುದು. ಹೊಳವಾಯಿತೆಂದು ಒಳಗೆ ಹೋಗಿ ಮಲಗಿದವರಿಗೆ ಅಪಾಯವಾಗುವುದು ಹೀಗೆಯೇ. 2009ರ ಮುಂಗಾರು ದೇಶದಲ್ಲೇ ಕೈಕೊಟ್ಟಿತ್ತು. ಅದೇ ವರ್ಷ ಸೆಪ್ಟೆಂಬರ್ ಕೊನೆ ಮತ್ತು ಅಕ್ಟೋಬರ್ ಮೊದಲ ದಿನಗಳಲ್ಲಿ ಸುರಿದ ಮಳೆಗೆ ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಇಂಥ ಮನೆಗಳು ಸಾಲು ಸಾಲಾಗಿ ನೆಲಕ್ಕೊರಗಿದವು.

ಮಾಳಿಗೆಯ ಭಾರವನ್ನು ಒಮ್ಮೆ ಲೆಕ್ಕ ಹಾಕಿರಿ. ಹದಿನೈದು ಅಡಿ ಉದ್ದ, ಹನ್ನೆರಡು ಅಡಿ ಅಗಲದ ಕೋಣೆಯ ಮೇಲೆ ಒಂದಡಿ ಮಣ್ಣಿದ್ದರೆ ಒಣಗಿದ್ದಾಗಲೇ ಅದು ಸುಮಾರು ಎಂಟು ಟನ್ ತೂಗುತ್ತದೆ. ಬಿರುಕುಗಳ ಮೂಲಕ ಇಳಿದ ನೀರು ಅದಕ್ಕೆ ಸುಲಭವಾಗಿ ಇನ್ನೊಂದು ಟನ್ ಸೇರಿಸುತ್ತದೆ, ಅದೂ ಒರಲೆ ತಿಂದ ಜಂತಿಯ ಮೇಲೆ. ಪ್ರತಿ ಸೋರಿಕೆಗೂ ಒಂದು ಪದರದಂತೆ ತಲೆಮಾರುಗಳಿಂದ ಹಾಕುತ್ತ ಬಂದ ಮನೆಗಳಲ್ಲಿ ಎರಡಡಿ ಮಣ್ಣನ್ನೂ ನೋಡಿದ್ದೇನೆ. ಸದ್ಯಕ್ಕೆ ಒಳಗಿನಿಂದ ತೊಲೆಗಳಿಗೆ ಆಸರೆ ಕಂಬ ಕೊಡಿರಿ, ಮಾಳಿಗೆಯ ನೀರನ್ನು ಹೊರಕ್ಕೆ ಬಿಡುವ ಹರನಾಳಿಗೆಯಲ್ಲಿ ಸಿಕ್ಕ ಕಸವನ್ನು ಉದ್ದ ಕೋಲಿನಿಂದ ಹೊರಗಿನಿಂದಲೇ ಬಿಡಿಸಿರಿ, ಮಾಳಿಗೆಯ ಮೇಲೆ ಹೆಚ್ಚು ಜನ ಹತ್ತಬಾರದು. ತಾಡಪಾಲು ಮುಚ್ಚುವುದಿದ್ದರೆ ನೀರು ಕುಂಬಿಯ (ಮಾಳಿಗೆಯ ಅಂಚಿನ ಗಿಡ್ಡ ಗೋಡೆಯ) ಆಚೆಗೆ ಬೀಳುವಂತೆ ಮುಚ್ಚಿರಿ. ನಡುವೆ ತಗ್ಗು ಬಿಟ್ಟರೆ ಮಾಳಿಗೆಯ ಮೇಲೆ ಕೆರೆ ಕಟ್ಟಿದಂತಾಗುತ್ತದೆ. ಮಳೆ ತೆರವಾದ ಮೇಲೆ ಹಳೆಯ ಪದರಗಳನ್ನು ಇಳಿಸಿ, ಕೆಟ್ಟ ಜಂತಿಗಳನ್ನು ಬದಲಿಸಿ, ಅರ್ಧ ಅಡಿಗಿಂತ ಹೆಚ್ಚಿಲ್ಲದಂತೆ ಮಣ್ಣು ಹಾಕಿಸಿರಿ.

ಸಿಮೆಂಟ್ ಪ್ಲಾಸ್ಟರ್ ಮಣ್ಣಿನ ಗೋಡೆಯ ತೇವವನ್ನು ಒಳಗೇ ಬಂಧಿಸುತ್ತದೆ. ಹೊರಗಿನಿಂದ ಗೋಡೆ ಚೆಂದ ಕಾಣುತ್ತಿರುವಾಗಲೇ ಒಳಗಿನ ಮಣ್ಣು ಕೆಸರಾಗಿರುತ್ತದೆ. ಸುಣ್ಣ ಬೆರೆಸಿದ ಮಣ್ಣಿನ ಗಿಲಾವು ಸಾಕು. ಹೊಟ್ಟೆ ಬಿಟ್ಟ ಭಾಗವನ್ನು ಮಾತ್ರ ತೇಪೆ ಹಾಕದೆ, ಮಾಳಿಗೆಯ ಭಾರವನ್ನು ಕಂಬಗಳ ಮೇಲೆ ತೆಗೆದುಕೊಂಡು, ಕೆಡವಿ ಕಲ್ಲಿನಲ್ಲಿ ಮರುಕಟ್ಟಬೇಕು. ಮನೆಯೊಳಗೆ ಅಥವಾ ಅಂಗಳದಲ್ಲಿ ಹಳೆಯ ಹಗೇವು (ಕಾಳು ತುಂಬಿಡುವ ನೆಲದೊಳಗಿನ ಗುಂಡಿ) ಇತ್ತೆಂದು ಹಿರಿಯರು ಹೇಳುತ್ತಿದ್ದರೆ ಅದರ ಬಾಯಿ ಎಲ್ಲಿದೆ ಎಂದು ಈಗಲೇ ಕೇಳಿಟ್ಟುಕೊಳ್ಳಿರಿ. ಖಾಲಿ ಬಿಟ್ಟ ಹಗೇವುಗಳು ಜೋರು ಮಳೆಗೆ ಕುಸಿದು ಮೇಲಿನ ನೆಲವನ್ನೇ ಒಳಗೆಳೆದುಕೊಳ್ಳುತ್ತವೆ. ಒಣ ದಿನಗಳಲ್ಲಿ ತೆರೆದು, ಗರಸು ತುಂಬಿ ದಮ್ಮಸ್ಸು ಮಾಡಿಸಬೇಕು.

ಪ್ರಶ್ನೆ: ಗೋಡೆ ಬಿದ್ದರೆ ಸರ್ಕಾರದ ಪರಿಹಾರ ಎಷ್ಟು ಸಿಗುತ್ತದೆ? ವಿಮೆ ಮಾಡಿಸಿದರೆ ಬಿರುಕಿಗೂ ಹಣ ಬರುತ್ತದೆಯೇ?

ಉತ್ತರ: ರಾಜ್ಯ ವಿಪತ್ತು ಸ್ಪಂದನಾ ನಿಧಿಗೆ 2022ರಿಂದ 2026ರವರೆಗಿನ ಅವಧಿಗೆ ಕೇಂದ್ರ ನಿಗದಿಪಡಿಸಿದ ದರದಂತೆ, ಬಯಲು ಸೀಮೆಯಲ್ಲಿ ಪೂರ್ತಿ ಬಿದ್ದ ಮನೆಗೆ 1.20 ಲಕ್ಷ ರೂಪಾಯಿ. ಕನಿಷ್ಠ ಶೇ 15ರಷ್ಟು ಹಾನಿಯಾದ ಪಕ್ಕಾ ಮನೆಗೆ 6,500, ಕಚ್ಚಾ ಮನೆಗೆ 4,000 ರೂಪಾಯಿ. ರಾಜ್ಯ ಸರ್ಕಾರ ತನ್ನ ಪಾಲಿನಿಂದ ಹೆಚ್ಚು ಕೊಡುವುದೂ ಉಂಟು. 2019ರ ನೆರೆಯಲ್ಲಿ ಪೂರ್ತಿ ಬಿದ್ದ ಮನೆಗಳಿಗೆ 5 ಲಕ್ಷದವರೆಗೆ ಘೋಷಿಸಲಾಗಿತ್ತು. ಶೇ 15ರ ಗೆರೆಯ ಬಳಿಯೇ ತಕರಾರುಗಳು ಹುಟ್ಟುವುದರಿಂದ, ಅವಶೇಷ ತೆಗೆಯುವ ಮೊದಲೇ ಪ್ರತಿ ಗೋಡೆಯ ಫೋಟೊ ತೆಗೆದು, ಗ್ರಾಮ ಆಡಳಿತ ಅಧಿಕಾರಿಗೆ ಲಿಖಿತ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ. ಬರದ ದಿನಗಳಲ್ಲೇ ತೆಗೆದ ಫೋಟೊ ಇದ್ದರೆ, ಮಳೆಯಿಂದ ಎಷ್ಟು ಹಾನಿ ಹೆಚ್ಚಿತು ಎಂಬುದನ್ನು ತೋರಿಸಲು ಅದು ನೆರವಾಗುತ್ತದೆ.

ವಿಮೆಯ ವಿಷಯದಲ್ಲಿ, 2021ರ ಏಪ್ರಿಲ್‌ನಿಂದ ಸಾಮಾನ್ಯ ವಿಮಾ ಕಂಪನಿಗಳು ನೀಡುತ್ತಿರುವ ಭಾರತ್ ಗೃಹ ರಕ್ಷಾ ಪಾಲಿಸಿಯಲ್ಲಿ ನೆರೆ ಹಾಗೂ ಮನೆ ನಿಂತ ನೆಲದ ಕುಸಿತ ಸೇರಿವೆ. ಕಟ್ಟಡ ತಾನಾಗಿ ಕೂರುವುದರಿಂದ ಬರುವ ಸಾಮಾನ್ಯ ಬಿರುಕುಗಳು ಮತ್ತು ಕಳಪೆ ಕಾಮಗಾರಿಯ ದೋಷಗಳು ಸೇರಿಲ್ಲ. ಎರೆ ನೆಲದಲ್ಲಿ ನಿಧಾನವಾಗಿ ಬೆಳೆದ ಬಿರುಕನ್ನು ಕಂಪನಿ ಹೀಗೆ ಹೊರಗಿಟ್ಟವುಗಳ ಪಟ್ಟಿಗೆ ಸೇರಿಸುವ ಸಂಭವವೇ ಹೆಚ್ಚು. ಪಾಲಿಸಿ ಮಾಡಿಸುವಾಗ ಆ ಷರತ್ತನ್ನು ಓದಿಸಿಕೊಂಡು, ಈಗಾಗಲೇ ಇರುವ ಬಿರುಕುಗಳನ್ನು ಮುಚ್ಚಿಡದೆ ಅರ್ಜಿಯಲ್ಲಿ ನಮೂದಿಸಿರಿ.