ಬಯಾಸ್‌ನಲ್ಲಿ ಎಸ್‌ಎಸ್‌ಡಿ ಮೊದಲಿಟ್ಟರೂ ಲಿನಕ್ಸ್ ಹಳೆ ಡಿಸ್ಕಿನಿಂದಲೇ ಬೂಟ್ ಆಗುತ್ತಿದೆ, ಏನು ಮಾಡಲಿ?

ಹಳೆ ಹಾರ್ಡ್ ಡಿಸ್ಕನ್ನು ಎಸ್‌ಎಸ್‌ಡಿಗೆ ಪೂರ್ತಿ ಕ್ಲೋನ್ ಮಾಡಿದೆ ಅಂದಿದ್ದೀರಲ್ಲ, ತೊಂದರೆ ಇರುವುದು ಅಲ್ಲೇ. ಬಯಾಸನ್ನು ಇನ್ನು ಮುಟ್ಟಬೇಡಿ. ನನಗೂ ಹೀಗೇ ಆಗಿತ್ತು, ಎರಡು ಸಂಜೆ ಸುಮ್ನೆ ಬಯಾಸ್‌ನಲ್ಲೇ ಹೋದವು.

ಟರ್ಮಿನಲ್‌ನಲ್ಲಿ ಎಲ್‌ಎಸ್‌ಬಿಎಲ್‌ಕೆ ಕಮಾಂಡನ್ನು ಎಫ್ ಆಪ್ಶನ್ ಜೊತೆ ಕೊಟ್ಟು ನೋಡಿ. ಪ್ರತಿ ಪಾರ್ಟಿಶನ್ (ಡಿಸ್ಕಿನ ಭಾಗ) ಪಕ್ಕ ಅದರ ಯುಯುಐಡಿ, ಅಂದರೆ ಗುರುತಿನ ನಂಬರು, ಬರುತ್ತದೆ. ನನ್ನ ಸ್ಕ್ರೀನಿನಲ್ಲಿ ಎರಡೂ ಡಿಸ್ಕಿನಲ್ಲಿ ಲಿನಕ್ಸ್ ಇರುವ ರೂಟ್ ಪಾರ್ಟಿಶನ್‌ಗೆ ಅದೇ ಉದ್ದನೆಯ ನಂಬರು, ಒಂದಕ್ಷರವೂ ಬೇರೆ ಇಲ್ಲ. ಮೌಂಟ್ ಆಗಿದೆ, ಅಂದರೆ ಬಳಕೆಯಲ್ಲಿದೆ ಅಂತ ತೋರಿಸುವ ಓರೆಗೆರೆ (/) ಮಾತ್ರ ಹಳೆಯದರ ಸಾಲಿನಲ್ಲಿತ್ತು.

ಕ್ಲೋನ್ ಮಾಡಿದಾಗ ಯುಯುಐಡಿಯೂ ನಕಲಾಗುತ್ತದೆ. ಲಿನಕ್ಸನ್ನು ಶುರು ಮಾಡುವ ಗ್ರಬ್ ಆಗಲಿ, ಯಾವ ಪಾರ್ಟಿಶನ್ ಎಲ್ಲಿ ಮೌಂಟ್ ಆಗಬೇಕು ಅಂತ ಬರೆದಿರುವ ಎಫ್‌ಎಸ್‌ಟ್ಯಾಬ್ ಫೈಲ್ ಆಗಲಿ, ಸಾಮಾನ್ಯವಾಗಿ ಪಾರ್ಟಿಶನ್ ಹುಡುಕುವುದು ಆ ನಂಬರು ಹಿಡಿದೇ. ಒಂದೇ ನಂಬರಿನವು ಎರಡಿದ್ದರೆ ಮೊದಲು ಸಿಕ್ಕಿದ್ದನ್ನು ಹಿಡಿದುಕೊಳ್ಳುತ್ತವೆ. ಬಯಾಸ್ ಎಸ್‌ಎಸ್‌ಡಿಯ ಗ್ರಬ್ಬನ್ನೇ ಶುರು ಮಾಡಿದರೂ ಆಮೇಲೆ ದಾರಿ ತಪ್ಪುವುದು ಹೀಗೆ.

ಖಾತ್ರಿ ಮಾಡಿಕೊಳ್ಳಲು ಕಂಪ್ಯೂಟರ್ ಆಫ್ ಮಾಡಿ, ಹಳೆ ಡಿಸ್ಕಿನ ಕೇಬಲ್ ತೆಗೆದು ಬೂಟ್ ಮಾಡಿ. ಎಸ್‌ಎಸ್‌ಡಿ ಒಂದರಿಂದಲೇ ಎಲ್ಲ ಸರಿಯಾಗಿ ಎದ್ದರೆ ಕ್ಲೋನ್ ಚೆನ್ನಾಗಿದೆ ಅಂತಲೇ ಲೆಕ್ಕ.

ಈಗ ಯುಯುಐಡಿ ಬದಲಿಸಬೇಕು. ಹೊಸದರದ್ದಲ್ಲ, ಹಳೆಯದರದ್ದು! ಹೊಸದರದ್ದನ್ನು ಬದಲಿಸಿದರೆ ಎಫ್‌ಎಸ್‌ಟ್ಯಾಬ್, ಗ್ರಬ್ ಎಲ್ಲವನ್ನೂ ತಿದ್ದುತ್ತಾ ಕೂರಬೇಕು. ಹಳೆಯದರದ್ದಾದರೆ ಆ ಕೆಲಸವೇ ಇಲ್ಲ. ಕೇಬಲ್ ಮತ್ತೆ ಹಾಕಿ, ಲೈವ್ ಪೆನ್‌ಡ್ರೈವ್‌ನಿಂದ (ಇನ್‌ಸ್ಟಾಲ್ ಮಾಡದೆಯೇ ಲಿನಕ್ಸ್ ಓಡಿಸುವ ಪೆನ್‌ಡ್ರೈವ್) ಬೂಟ್ ಮಾಡಿ. ಲಿನಕ್ಸ್ ಡಿಸ್ಕುಗಳಿಗೆ ಕೊಡುವ ಎಸ್‌ಡಿಎ, ಎಸ್‌ಡಿಬಿ ಹೆಸರುಗಳು ಪ್ರತಿ ಸಲ ಅದಲುಬದಲಾಗಬಹುದು, ಅದಕ್ಕೇ ಡಿಸ್ಕಿನ ಮಾಡೆಲ್, ಸೈಜ್ ನೋಡಿ ಗುರುತಿಸಿ. ಇಲ್ಲಿ ಎರಡೆರಡು ಸಲ ನೋಡಿದರೂ ಜಾಸ್ತಿ ಅಲ್ಲ. ಹಳೆ ಡಿಸ್ಕಿನ ರೂಟ್ ಪಾರ್ಟಿಶನ್ ಎಕ್ಸ್ಟ್4 (ಲಿನಕ್ಸ್‌ನ ಒಂದು ಫೈಲ್ ಸಿಸ್ಟಮ್) ಆಗಿದ್ದರೆ ಮೊದಲು ಅದರ ಮೇಲೆ ತಪಾಸಣೆ ಮಾಡುವ ಇ2ಎಫ್‌ಎಸ್‌ಸಿಕೆ ಕಮಾಂಡನ್ನು ಎಫ್ ಆಪ್ಶನ್ ಜೊತೆ ಓಡಿಸಿ. ಆಮೇಲೆ ಟ್ಯೂನ್2ಎಫ್‌ಎಸ್ ಕಮಾಂಡಿಗೆ ದೊಡ್ಡ ಯು ಆಪ್ಶನ್, ರ‍್ಯಾಂಡಮ್ ಅನ್ನುವ ಪದ, ಕೊನೆಗೆ ಪಾರ್ಟಿಶನ್ ಹೆಸರು ಕೊಡಿ. ಸೆಕೆಂಡುಗಳ ಕೆಲಸ, ಫೈಲುಗಳಿಗೆ ಏನೂ ಆಗುವುದಿಲ್ಲ. ಸ್ವಾಪ್ (ಮೆಮೊರಿ ಸಾಲದಾಗ ಬಳಸುವ ಜಾಗ) ಮತ್ತು ಇಎಫ್ಐ (ಬೂಟ್ ಫೈಲುಗಳಿರುವ ಜಾಗ) ಪಾರ್ಟಿಶನ್‌ಗಳ ನಂಬರೂ ನಕಲಾಗಿರುತ್ತವೆ, ಅವನ್ನೂ ನೋಡಿಕೊಳ್ಳಿ.

ಇನ್ನೊಂದು ಮಾತು. ಕ್ಲೋನ್ ಆದ ದಿನದಿಂದ ನೀವು ಸೇವ್ ಮಾಡಿದ್ದೆಲ್ಲ ಹಳೆ ಡಿಸ್ಕಿಗೇ ಹೋಗಿದೆ, ಅಲ್ವಾ? ಎಸ್‌ಎಸ್‌ಡಿಯಿಂದ ಎದ್ದಾಗ ಆ ಫೈಲುಗಳು ಕಾಣದಿದ್ದರೆ ಗಾಬರಿಯಾಗಬೇಡಿ. ಹಳೆಯದನ್ನು ಮೌಂಟ್ ಮಾಡಿ, ನಿಮ್ಮ ಹೋಮ್ ಫೋಲ್ಡರಿನಿಂದ ಕಾಪಿ ಮಾಡಿಕೊಳ್ಳಿ. ಅದಾಗುವವರೆಗೆ ಹಳೆ ಡಿಸ್ಕನ್ನು ಫಾರ್ಮ್ಯಾಟ್ ಮಾಡಲೇಬೇಡಿ.