ಡೀಸೆಲ್ ವಾಸನೆಯೂ ಕಾಯಿಲೆಯ ಹೆಸರೂ

ಕಾರವಾರದ ಸೋದರಿಗೆ,

ದೋಣಿ ಮಗುಚಿ ಅಣ್ಣ ತೀರಿಕೊಂಡು ಮೂರು ವರ್ಷವಾದರೂ, ಬೈತಖೋಲ್ ಬಂದರಿನ ಕಡೆಯಿಂದ ಡೀಸೆಲ್ ವಾಸನೆ ಬಂತೆಂದರೆ ದಡದಲ್ಲಿ ಮಲಗಿಸಿದ ಅವರ ಒದ್ದೆ ಅಂಗಿ ಕಣ್ಣೆದುರು ನಿಲ್ಲುತ್ತದೆ, ಕೈಯಲ್ಲಿದ್ದ ಮೀನು ಹಾಗೇ ಉಳಿಯುತ್ತದೆ ಎಂದು ಬರೆದಿದ್ದೀರಿ. ವೈದ್ಯರು ಖಿನ್ನತೆ ಎಂದರು. ನೆಂಟರೊಬ್ಬರು, ಹೀಗೆ ನೆನಪು ನುಗ್ಗುವುದು ಘೋರ ಘಟನೆಯ ನಂತರ ಮನಸ್ಸಿಗೆ ಅಂಟುವ ಆಘಾತದ ಕಾಯಿಲೆಯಲ್ಲಿ ಮಾತ್ರ, ವೈದ್ಯರು ಎಡವಿದ್ದಾರೆ ಎಂದರು. ಮಾತ್ರೆ ನಿಲ್ಲಿಸಲೇ ಎಂಬುದು ನಿಮ್ಮ ಪ್ರಶ್ನೆ.

ವೈದ್ಯರನ್ನು ಕೇಳದೆ ದಯವಿಟ್ಟು ನಿಲ್ಲಿಸಬೇಡಿ.

ನೆಂಟರು ಹೇಳಿದ್ದು ಪೂರ್ತಿ ಸುಳ್ಳಲ್ಲ. 1980ರಲ್ಲಿ ಅಮೆರಿಕದ ಮನೋವೈದ್ಯರ ಸಂಘ ಈ ಕಾಯಿಲೆಯನ್ನು ಆಘಾತೋತ್ತರ ಒತ್ತಡದ ಕಾಯಿಲೆ (ಪಿಟಿಎಸ್‌ಡಿ) ಎಂಬ ಹೆಸರಿನಲ್ಲಿ, ಮನೋರೋಗಗಳನ್ನು ಗುರುತಿಸುವ ತನ್ನ ಕೈಪಿಡಿಗೆ ಸೇರಿಸಿದಾಗ, ಕರೆಯದೆ ಬರುವ ಇಂಥ ನೆನಪನ್ನು ಅದರ ಲಕ್ಷಣವಾಗಿ ಬರೆಯಿತು. ಆದರೆ 1999ರಲ್ಲಿ ಮನಶ್ಶಾಸ್ತ್ರಜ್ಞರಾದ ಮಾರ್ಟಿನಾ ರೆನಾಲ್ಡ್ಸ್ ಮತ್ತು ಕ್ರಿಸ್ ಬ್ರೂಯಿನ್ ಆ ಕಾಯಿಲೆಯವರನ್ನೂ ಖಿನ್ನತೆಯವರನ್ನೂ ಹೋಲಿಸಿ ನೋಡಿದಾಗ, ಇಬ್ಬರ ನೆನಪುಗಳೂ ಬಹುಮಟ್ಟಿಗೆ ಒಂದೇ ಬಗೆಯವಾಗಿದ್ದವು. ಖಿನ್ನತೆಯವರಲ್ಲಿ ಮನೆಯವರ ಕಾಯಿಲೆ, ಸಾವು ಹೆಚ್ಚಾಗಿ ಕಾಡುತ್ತವೆ. ಜನರೆದುರು ನಿಲ್ಲಲು ಹೆದರುವವರಿಗೆ ತಮ್ಮದೇ ಬೆವರಿದ ಮುಖ ಪರರ ಕಣ್ಣಿನಿಂದ ಕಂಡಂತೆ ಕಾಣುತ್ತದೆ. ಗೀಳು ಕಾಯಿಲೆಯಲ್ಲೂ ಇಂಥ ಚಿತ್ರಗಳಿವೆ. ಆಘಾತದ ಕಾಯಿಲೆಯಲ್ಲಿ ಎದ್ದು ಕಾಣುವುದು ಬೇರೆ: ಹಳೆಯದು ಈಗಲೇ, ಇಲ್ಲೇ ನಡೆಯುತ್ತಿದೆ ಎನಿಸುವುದು. ಕಂಡ, ಕೇಳಿದ, ಮೂಸಿದ ವಿವರಗಳು ಯಾವಾಗ, ಎಲ್ಲಿ ಎಂಬ ಗುರುತಿನೊಂದಿಗೆ ಬೆಸೆಯದೆ ಉಳಿದರೆ ಹೀಗಾಗುತ್ತದೆ ಎಂಬುದು ಬ್ರೂಯಿನ್ ಅವರ ವಾದ. ಆಗ ಒಂದು ವಾಸನೆಯೇ ಸಾಕು.

ಶಿರಸಿ ಸೀಮೆಯ ನಮ್ಮ ಮನೆಯಲ್ಲಿ ಅಡಕೆ ಕೊನೆಕೊಯ್ಲಿನ ದಿನ ಅಜ್ಜಿ ತೋಟದತ್ತ ಸುಳಿಯುತ್ತಿರಲಿಲ್ಲ. ಅವಳ ತಮ್ಮ ಅಡಕೆ ಮರದಿಂದ ಬಿದ್ದು ಹೋದವನು. ತೋಟದಲ್ಲಿ ಏನಾದರೂ ಧೊಪ್ಪೆಂದು ಬಿದ್ದರೆ ಒಳಗೆ ಹುಳಿ ತಿರುವುತ್ತಿದ್ದ ಸೌಟು ನಿಲ್ಲುತ್ತಿತ್ತು. 'ಅಜ್ಜಿ, ಆಗ ನಿನಗೆ ಏನು ಕಾಣುತ್ತದೆ?' ಎಂದು ನಾವು ಯಾರೂ ಕೇಳಲಿಲ್ಲ. ಅದು ನನ್ನನ್ನು ಇಂದಿಗೂ ಚುಚ್ಚುತ್ತದೆ.

ಆದ್ದರಿಂದ ವೈದ್ಯರು ಕೇಳುವವರೆಗೆ ಕಾಯಬೇಡಿ. ನಿದ್ದೆಯಿಲ್ಲ, ಬೇಸರ ಎಂದಷ್ಟೇ ಹೇಳಿ ಎದ್ದು ಬರಬೇಡಿ. ಡೀಸೆಲ್ ವಾಸನೆ ಹೇಳಿ, ಅಂಗಿ ಹೇಳಿ. ಅದು ಎಷ್ಟು ಹೊತ್ತು ನಿಲ್ಲುತ್ತದೆ, ಆಗ ನೀವು ಅಡುಗೆಮನೆಯಲ್ಲೇ ಇದ್ದೀರೆಂಬ ಅರಿವು ಇರುತ್ತದೆಯೇ, ಆ ದಡದಲ್ಲೇ ಇದ್ದಂತಾಗುತ್ತದೆಯೇ ಎಂಬುದನ್ನೂ ಹೇಳಿ. ಈ ಉತ್ತರಗಳಿಂದ ಅವರು ಚಿಕಿತ್ಸೆಯನ್ನು ತಿದ್ದಬಹುದು. ಎರಡೂ ಕಾಯಿಲೆ ಒಬ್ಬರಲ್ಲೇ ಇರುವುದೂ ಉಂಟು. ನಡುವೆ ತೀರ ಕಷ್ಟವಾದರೆ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416 ಹಗಲೂ ರಾತ್ರಿ ಸಿಗುತ್ತದೆ. ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಿಲ್ಲ.

ನಿಮ್ಮ,
ಸಂಪಾದಕ