ಪೊಂಗಲ್ ಕೇಕು ಮತ್ತು ನಾನು ಹೇಳಿದ ‘ಓಂ’

ನಿನ್ನ ಮೆಸೇಜು ಎರಡು ಸಲ ಓದಿದೆ. ಲಂಡನ್ನಿನ ಈಸ್ಟ್ ಹ್ಯಾಮ್‌ಗೆ ಬಂದು ಆರು ವಾರ ಆಯ್ತು, ಕೆಳಗಿನ ಮನೆಯವರು ಶ್ರೀಲಂಕಾದ ಜಾಫ್ನಾ ಕಡೆಯ ತಮಿಳರು, ತೈ ಪೊಂಗಲ್‌ಗೆ ಬನ್ನಿ ಅಂತ ಕರೆದಿದ್ದಾರೆ, ಬರಿಗೈಲಿ ಹೋಗೋಕೆ ಮನಸ್ಸಿಲ್ಲ, ಮಕ್ಕಳಿರೋ ಮನೆ, ಮೊಟ್ಟೆ ಹಾಕದ ಕೇಕ್ ಒಂದು ತಗೊಂಡು ಹೋಗೋಣ ಅಂತಿದ್ದೀನಿ, ಯಾವುದು, ಎಷ್ಟು ಕೆಜಿ, ಎಲ್ಲಿ ಅಕ್ಕಾ ಅಂತ ಕೇಳಿದ್ದೀಯ. ಜೊತೆಗೆ ಜಿಪಿ ಅನ್ನೋ ಇಲ್ಲಿನ ಬಡಾವಣೆ ಡಾಕ್ಟರು, ಮನೆ ಡೆಪಾಸಿಟ್ಟು, ಚಳಿಗೆ ಕೋಟು ಅಂತ ಇನ್ನೂ ಮೂರು ಪ್ರಶ್ನೆ.

ಆ ಮೂರನ್ನು ಮೊದಲು ಮುಗಿಸಿಬಿಡ್ತೀನಿ. ಜಿಪಿ ಹತ್ತಿರ ಹೆಸರು ನೋಂದಾಯಿಸೋದು ಜ್ವರ ಬಂದ ಮೇಲೆ ಮಾಡೋ ಕೆಲಸ ಅಲ್ಲ, ಇವತ್ತೇ ಮಾಡಿಸು. ಡೆಪಾಸಿಟ್ಟನ್ನು ಓನರ್ 30 ದಿನದೊಳಗೆ ಸರ್ಕಾರ ಒಪ್ಪಿದ ಸ್ಕೀಮಿನಲ್ಲಿ ಇಡಬೇಕು, ಅದರ ಕಾಗದ ಕೇಳಿ ಇಟ್ಟುಕೋ. ಕೋಟು ಊರಿಂದ ತಂದದ್ದು ಇಲ್ಲಿ ಕೆಲಸಕ್ಕೆ ಬರಲ್ಲ, ಗಾಳಿ ತಡೆಯೋದು ಕೊಂಡುಕೋ. ಅಷ್ಟೇ.

ಇನ್ನು ಕೇಕು.

ಮೊದಲನೆಯದಾಗಿ ಇಲ್ಲಿ ಹೆಚ್ಚಿನವರು ಕೇಕನ್ನು ಕೆಜಿ ಲೆಕ್ಕದಲ್ಲಿ ಮಾರಲ್ಲ. ಇಂಚು. 8 ಇಂಚಿನ ದುಂಡನೆ ಕೇಕು ನಮ್ಮಂಥವರು ಕತ್ತರಿಸಿದರೆ ಹತ್ತು ಹನ್ನೆರಡು ಜನಕ್ಕೆ ಧಾರಾಳ. ನಾನು ಬಂದ ಹೊಸದರಲ್ಲಿ ‘ಒಂದು ಕೆಜಿ ಕೊಡಿ’ ಅಂದಾಗ ಅಂಗಡಿ ಹುಡುಗಿ ನನ್ನ ಮುಖ ನೋಡಿದ್ದು ಇನ್ನೂ ನೆನಪಿದೆ.

ಎರಡನೆಯದು, ಇದನ್ನು ದಯವಿಟ್ಟು ನಿಧಾನವಾಗಿ ಓದು. ‘ವೆಜಿಟೇರಿಯನ್’ ಅಂದರೆ ಈ ದೇಶದಲ್ಲಿ ಮಾಂಸ, ಮೀನು ಇಲ್ಲ ಅಂತ ಮಾತ್ರ. ಮೊಟ್ಟೆ ಇರಬಹುದು. ನಮ್ಮಲ್ಲಿ ಮೊಟ್ಟೆ ಬಿದ್ದ ಪೊಟ್ಟಣಕ್ಕೆ ಹಸಿರು ಚುಕ್ಕೆ ಸಿಗೋದೇ ಇಲ್ಲ. ಹಾಗಾಗಿ ನಮ್ಮ ಕಣ್ಣಿಗೆ ಹಸಿರು ಬಣ್ಣ ಕಂಡರೆ ಸಾಕು, ಮನಸ್ಸು ನಿರಾಳ. ಇಲ್ಲಿ ಹಸಿರು ‘ವಿ’ ಅಕ್ಷರ ನೋಡಿ ಅದೇ ನಿರಾಳದಲ್ಲಿ ಬುಟ್ಟಿಗೆ ಹಾಕಿಕೊಂಡೆಯೋ, ಕೆಟ್ಟೆ. ನಾನು ಕೆಟ್ಟದ್ದು ಹಾಗೇ.

2005ರ ಅಕ್ಟೋಬರ್‌ನಲ್ಲಿ ಬಂದದ್ದು ನಾವು. ಹಾಸನದಿಂದ ನೇರ ಈಸ್ಟ್ ಹ್ಯಾಮ್‌ಗೆ. ನೀನೀಗ ಇರೋ ಥರದ್ದೇ ಮೇಲಿನ ಮನೆ, ಕೆಳಗಡೆ ಜಾಫ್ನಾದ ಸಂಸಾರ. ಮಗಳು ರಾತ್ರಿ ಪಾಳಿಯ ಕೆಲಸದವಳು, ಮೊಮ್ಮಗ ಹನ್ನೆರಡು ವರ್ಷದವನು, ಮತ್ತೆ ಅಜ್ಜಿ. ಹುಡುಗ ‘ಅಮ್ಮಮ್ಮಾ’ ಅಂತಿದ್ದ, ನಾನೂ ಹಾಗೇ ಕರೆದೆ. ಅವರು ನನ್ನನ್ನು ‘ಪಿಳ್ಳೆ’ ಅಂತಿದ್ದರು, ಅಂದರೆ ಮಗು. ನನ್ನ ತಮಿಳು ಬೆಂಗಳೂರಿನ ಹಾಸ್ಟೆಲ್ಲಿನ ತಮಿಳು, ಅವರದ್ದು ಬೇರೆಯೇ ರಾಗ. ‘ಹೌದು’ ಅನ್ನೋದಕ್ಕೆ ಅವರು ‘ಓಂ’ ಅಂತಾರೆ. ಮೊದಲ ಸಲ ಫೋನಿನಲ್ಲಿ ಅವರು ‘ಓಂ, ಓಂ’ ಅನ್ನೋದು ಕೇಳಿ ಜಪ ಮಾಡ್ತಿದ್ದಾರೆ ಅಂದುಕೊಂಡಿದ್ದೆ.

ಆ ಮನೆಯಲ್ಲಿ ಉಳಿದವರು ಎಲ್ಲ ತಿನ್ನೋರು. ಅಮ್ಮಮ್ಮ ಮಾತ್ರ ಗಂಡ ತೀರಿಕೊಂಡ ಮೇಲೆ ಮೀನು, ಮೊಟ್ಟೆ ಎರಡನ್ನೂ ಬಿಟ್ಟವರು. ಮುರುಗನ ವ್ರತ ಕಂದ ಷಷ್ಠಿಯ ಆರು ದಿನ ಉಪವಾಸ. ಮ್ಯಾನರ್ ಪಾರ್ಕಿನ ಮುರುಗನ್ ಗುಡಿಗೆ ಚಳಿಯಲ್ಲೂ ನಡೆದೇ ಹೋಗೋರು.

2006ರ ಜನವರಿ 14, ಶನಿವಾರ. ಇಲ್ಲಿ ಆ ಹೊತ್ತಿನಲ್ಲಿ ಸೂರ್ಯ ಏಳೋದೇ ಎಂಟು ಗಂಟೆಗೆ, ಅದೂ ಮೋಡದ ಹಿಂದೆ. ಹಿತ್ತಲಲ್ಲಿ ಗ್ಯಾಸ್ ಒಲೆ ಇಟ್ಟು, ಮಡಕೆಯ ಕೊರಳಿಗೆ ಅರಿಶಿನದ ಗಿಡ ಕಟ್ಟಿ, ಮೂಡಣಕ್ಕೆ ಮುಖ ಮಾಡಿ ಅಮ್ಮಮ್ಮ ಹಾಲು ಉಕ್ಕಿಸಿದರು. ಕೆಂಪಕ್ಕಿ, ಹೆಸರುಬೇಳೆ, ಬೆಲ್ಲ, ಮೇಲೆ ತೆಂಗಿನ ಹಾಲು. ನಮ್ಮ ಹುಗ್ಗಿಗೆ ತೆಂಗಿನ ಹಾಲು ಸೋಕಿಸೋ ಪದ್ಧತಿ ನಮ್ಮ ಮನೆಯಲ್ಲಿ ಇರಲಿಲ್ಲ, ಆದರೆ ಆ ರುಚಿ ಹೇಳ್ತೀನಿ, ಊರು ಬಿಟ್ಟ ಮೂರು ತಿಂಗಳಲ್ಲಿ ನಾನು ಬಾಯ್ತುಂಬ ತಿಂದದ್ದು ಅವತ್ತೇ. ‘ಪೊಂಗಲೋ ಪೊಂಗಲ್’ ಅಂತ ಹುಡುಗ ಕೂಗಿದ. ಪಕ್ಕದ ಮನೆಯವರು ಕಿಟಕಿ ತೆಗೆದು ನೋಡಿ ಮುಚ್ಚಿದರು.

ಸಂಜೆಗೆ ನಾನು ಕೇಕು ತಗೊಂಡು ಹೋದೆ. ಹುಡುಗನಿಗೆ ಇಷ್ಟ ಅಂತ. ದೊಡ್ಡ ಅಂಗಡಿಯೊಂದರಲ್ಲಿ ಕೊಂಡದ್ದು, ಡಬ್ಬಿಯ ಮೇಲೆ ಸಸ್ಯಾಹಾರಿಗಳಿಗೆ ಯೋಗ್ಯ ಅಂತ ಅಚ್ಚಾಗಿತ್ತು. ಅಮ್ಮಮ್ಮ ತುಂಡು ಕೈಯಲ್ಲಿ ಹಿಡಿದು, ‘ಮುಟ್ಟೈ ಇಲ್ಲೈ ತಾನೇ ಪಿಳ್ಳೆ?’ ಅಂತ ಕೇಳಿದರು, ಮೊಟ್ಟೆ ಇಲ್ಲ ತಾನೇ ಅಂತ. ನಾನು ಅವರ ಭಾಷೆ ಕಲಿತ ಜಂಭದಲ್ಲಿ, ‘ಓಂ, ಓಂ’ ಅಂದೆ.

ಅವರು ತಿಂದರು. ನಾನೂ ತಿಂದೆ. ಹತ್ತಿಯ ಹಾಗೆ ಮೆತ್ತಗಿತ್ತು. ನಮ್ಮೂರ ಬೇಕರಿಗಿಂತ ಚೆನ್ನಾಗಿದೆ ಅಲ್ವಾ ಅಂತ ಮನೆಗೆ ಬಂದು ಗಂಡನ ಹತ್ತಿರ ಹೇಳಿದ್ದೂ ಹೇಳಿದ್ದೇ. ಸೋಮವಾರ ಸಂಜೆ ಆ ಡಬ್ಬಿಯನ್ನು ಕಸಕ್ಕೆ ಹಾಕೋಕೆ ಮುಂಚೆ, ಇನ್ನೊಂದು ಸಲ ಇದನ್ನೇ ತರೋಣ ಅಂತ ಹೆಸರು ನೋಡಲು ತಿರುಗಿಸಿದೆ. ಸಕ್ಕರೆ, ಮೈದಾ, ಅದಾದ ಮೇಲೆ ಮೂರನೆಯದೇ ಮೊಟ್ಟೆ.

ನನ್ನದು ಬಿಡು, ನಾನು ಬಾಯಿ ಮುಕ್ಕಳಿಸಿ ದೇವರಿಗೆ ತಪ್ಪುಕಾಣಿಕೆ ಎತ್ತಿಟ್ಟೆ, ಆಮೇಲೆ ನಕ್ಕೂಬಿಟ್ಟೆ. ಕೆಳಗೆ ಇಳಿದು ಹೋಗಿ ಹೇಳೋದೊಂದು ಉಳಿದಿತ್ತು. ಹನ್ನೊಂದು ಮೆಟ್ಟಿಲು. ನಾಳೆ ಹೇಳೋಣ ಅಂದುಕೊಂಡೆ.

ಮುಂದಿನ ವರ್ಷ ಪೊಂಗಲ್ ದಿನ ನಾನು ಹೋಗೋ ಹೊತ್ತಿಗೆ ಅದೇ ಡಬ್ಬಿ ಅವರ ಮೇಜಿನ ಮೇಲೆ ಕೂತಿತ್ತು. ‘ಕನ್ನಡದ ಪಿಳ್ಳೆ ತಂದ ಕೇಕು, ಇದರಲ್ಲಿ ಮೊಟ್ಟೆ ಇಲ್ಲ’ ಅಂತ ಬಂದವರಿಗೆಲ್ಲ ಹೇಳಿ ಕೊಡ್ತಿದ್ದರು. ಮೊಮ್ಮಗನನ್ನು ಕಳಿಸಿ ತರಿಸಿದ್ದಂತೆ. ನಾನು ಹಲ್ಲುನೋವು ಅಂತ ಹೇಳಿ ತಿನ್ನಲಿಲ್ಲ. 2008ರಲ್ಲಿ ನನ್ನ ಮಗಳು ಹುಟ್ಟಿದಾಗ ಅಮ್ಮನಿಗೆ ವೀಸಾ ಸಿಗಲಿಲ್ಲ. ಬಾಣಂತನ ಮಾಡಿದ್ದು ಅಮ್ಮಮ್ಮ. ಬೆಳ್ಳುಳ್ಳಿ, ಮೆಣಸು ಅರೆದು ಸಾರು ಮಾಡಿ, ಆ ಹನ್ನೊಂದು ಮೆಟ್ಟಿಲು ಮಂಡಿ ಹಿಡಿದುಕೊಂಡು ಹತ್ತಿ ಬರೋರು. ಅವರ ಮುಂದೆ ಕೂತು ಆ ಸಾರು ಕುಡೀತಾ ಹೇಗೆ ಹೇಳಲಿ, ನೀವು ಮೂರು ವರ್ಷದಿಂದ ತಿಂತಿರೋದು ಇಂಥದ್ದು ಅಂತ? ಒಂದು ದಿನದ ತಪ್ಪನ್ನು ಹೇಳಬಹುದು ಕಣೆ. ಮೂರು ವರ್ಷ ಆದ ಮೇಲೆ ಅದು ತಪ್ಪು ಅನ್ನಿಸಿಕೊಳ್ಳಲ್ಲ, ಅದಕ್ಕೆ ಬೇರೆ ಹೆಸರು.

2011ರಲ್ಲಿ ಅವರು ಕೆನಡಾದ ಸ್ಕಾರ್‌ಬರೋದಲ್ಲಿದ್ದ ಮಗನ ಮನೆಗೆ ಹೋದರು. ಅಲ್ಲಿ ಇಲ್ಲಿಗಿಂತ ತಮಿಳರು ಜಾಸ್ತಿ. ಜನವರಿಯನ್ನೇ ತಮಿಳು ಪರಂಪರೆಯ ತಿಂಗಳು ಅಂತ 2016ರಲ್ಲಿ ಆ ದೇಶದ ಸಂಸತ್ತು ಒಪ್ಪಿತು ನೋಡು, ಅಷ್ಟು ಜನ. ಪ್ರತಿ ಪೊಂಗಲ್‌ಗೆ ಫೋನ್ ಮಾಡೋರು. ‘ಇಲ್ಲಿ ಎಲ್ಲ ಸಿಗುತ್ತೆ ಪಿಳ್ಳೆ, ಆ ಮೊಟ್ಟೆ ಇಲ್ಲದ ಕೇಕು ಒಂದು ಮಾತ್ರ ಸಿಗಲ್ಲ’ ಅಂತ ಒಂದು ಸಲ ಅಂದರು. ನಾನು ‘ಓಂ ಅಮ್ಮಮ್ಮಾ’ ಅಂದೆ. ಈಗ ಅವರಿಲ್ಲ.

ಇರಲಿ. ನಿನ್ನ ವಿಷಯಕ್ಕೆ ಬರೋಣ.

ನಿನಗೆ ನನಗಿಂತ ಅನುಕೂಲ ಇದೆ. 2014ರ ಡಿಸೆಂಬರ್‌ನಿಂದ ಇಲ್ಲಿ ಪೊಟ್ಟಣದ ಪದಾರ್ಥಗಳ ಪಟ್ಟಿಯಲ್ಲಿ ಅಲರ್ಜಿ ತರೋ 14 ವಸ್ತುಗಳನ್ನು ಎದ್ದು ಕಾಣೋ ಹಾಗೆ ಅಚ್ಚು ಹಾಕಬೇಕು, ಸಾಮಾನ್ಯವಾಗಿ ದಪ್ಪಕ್ಷರದಲ್ಲಿ ಇರುತ್ತೆ. ಆ 14ರಲ್ಲಿ ಮೊಟ್ಟೆಯೂ ಒಂದು. 2021ರ ಅಕ್ಟೋಬರ್‌ನಿಂದ ಅಂಗಡಿಯಲ್ಲೇ ಮಾಡಿ ಅಲ್ಲೇ ಪ್ಯಾಕ್ ಮಾಡಿಡೋ ತಿಂಡಿಗೂ ಪೂರ್ತಿ ಪಟ್ಟಿ ಬೇಕು. ಹಾಗಾಗಿ ಮುಂದಿನ ಚಿತ್ರ, ಹಸಿರು ಗುರುತು ಯಾವುದನ್ನೂ ನೋಡಬೇಡ. ತಿರುಗಿಸು, ದಪ್ಪಕ್ಷರ ಓದು. ‘ಮೊಟ್ಟೆ ಇರಬಹುದು’ ಅಂತ ಕೊನೆಯಲ್ಲಿ ಬರೆದಿದ್ದರೆ ಅದೇ ಕಾರ್ಖಾನೆಯಲ್ಲಿ ಮೊಟ್ಟೆ ಬಳಸ್ತಾರೆ ಅನ್ನೋ ಎಚ್ಚರಿಕೆ. ಅದನ್ನು ಒಪ್ಪೋದು ಬಿಡೋದು ಅವರವರ ಮಡಿ. ವೀಗನ್ ಅಂತ ಇದ್ದರೆ ಮೊಟ್ಟೆಯೂ ಹಾಕಿರಲ್ಲ, ಹಾಲೂ ಹಾಕಿರಲ್ಲ. ನಿಶ್ಚಿಂತೆ, ಆದರೆ ಹಾಲು ಉಕ್ಕಿಸೋ ಹಬ್ಬಕ್ಕೆ ಹಾಲೇ ಇಲ್ಲದ ಕೇಕು ನನಗಂತೂ ಸೇರಲ್ಲ.

ಮೊಟ್ಟೆ ಬೇರೆ ಬೇರೆ ವೇಷದಲ್ಲಿ ಬರುತ್ತೆ. ಮೆರಾಂಗ್ ಅನ್ನೋ ನೊರೆ ಮಿಠಾಯಿ, ಮ್ಯಾಕರಾನ್ ಅನ್ನೋ ಬಣ್ಣದ ಬಿಸ್ಕತ್ತು ಎರಡೂ ಮೊಟ್ಟೆಯ ಬಿಳಿಯಿಂದಲೇ ಆಗೋದು. ಕೇಕು ಎಗ್‌ಲೆಸ್ಸೇ ಇರುತ್ತೆ, ಅಂದಕ್ಕೆ ಮೇಲೆ ಎರಡು ಮ್ಯಾಕರಾನ್ ಕೂರಿಸಿರ್ತಾರೆ. ರಾಯಲ್ ಐಸಿಂಗ್ ಅನ್ನೋ ಗಟ್ಟಿ ಸಕ್ಕರೆ ಲೇಪಕ್ಕೂ ಮೊಟ್ಟೆಯ ಬಿಳಿ ಹಾಕ್ತಾರೆ. ಲೆಮನ್ ಕರ್ಡ್ ಅಂದರೆ ನಿಂಬೆ ಹಿಂಡಿದ ಮೊಸರು ಅಂದುಕೊಂಡೀಯ, ಅದು ಮೊಟ್ಟೆ, ಬೆಣ್ಣೆ, ಸಕ್ಕರೆ ಸೇರಿಸಿ ಕಾಯಿಸಿದ್ದು. ನಮ್ಮ ಯಜಮಾನರು ಒಂದು ಡಬ್ಬಿ ತಂದು ಅನ್ನಕ್ಕೆ ಕಲಸೋಕೆ ಹೊರಟಿದ್ದರು. ಮೂಸ್ ಅನ್ನೋ ನೊರೆ ಕ್ರೀಮ್ ಇರೋ ಕೇಕಿಗೆ ಜೆಲಾಟಿನ್ ಅನ್ನೋ ಅಂಟು ಇದೆಯಾ ಕೇಳು, ಅದು ಹಂದಿಯದೋ ದನದ್ದೋ. ಕೆಂಪು ಬಣ್ಣ ಕಂಡರೆ ಇ-120 ಇದೆಯಾ ನೋಡು, ಅದು ಹುಳದಿಂದ ತೆಗೆದ ಬಣ್ಣ. ಬ್ಲ್ಯಾಕ್ ಫಾರೆಸ್ಟ್ ನಮ್ಮೂರಲ್ಲಿ ಬರೀ ಸಕ್ಕರೆ ಪಾಕ, ಇಲ್ಲಿ ಕೆಲವರು ನಿಜವಾಗಿಯೂ ಚೆರ್ರಿ ಹಣ್ಣಿನ ಸಾರಾಯಿ ಹಾಕ್ತಾರೆ. ಇಷ್ಟೆಲ್ಲ ಕೇಳಿದರೆ ಏನಂದುಕೊಳ್ತಾರೋ ಅಂತ ಸಂಕೋಚ ಬೇಡ. ಆರ್ಡರ್ ಕೊಟ್ಟು ಮಾಡಿಸೋ ಕೇಕಿಗೂ ಅಲರ್ಜಿ ವಿವರ ಕೊಡೋದು ಅವರ ಕರ್ತವ್ಯ.

ಸುಲಭ ದಾರಿ ಬೇಕೆಂದರೆ ಪೂರ್ತಿ ಮೊಟ್ಟೆ ಇಲ್ಲದ ಅಂಗಡಿಗೇ ಹೋಗು. ಕೇಕ್ ಬಾಕ್ಸ್ ಅಂತ 2008ರಲ್ಲಿ ಇದೇ ಪೂರ್ವ ಲಂಡನ್ನಿನಲ್ಲಿ ಶುರುವಾದದ್ದು, ಈಗ ದೇಶದ ತುಂಬ ಇದೆ. ಅಲ್ಲಿ ಚಾಕುವಿಗೂ ಮೊಟ್ಟೆ ಸೋಕಿರಲ್ಲ. ಅನಾನಸ್, ಫ್ರೆಶ್ ಕ್ರೀಮ್ ತಗೋ. ಮಡಕೆ ಉಕ್ಕೋ ಹಾಗೆ, ಎರಡು ಪಕ್ಕ ಕಬ್ಬು ನಿಲ್ಲಿಸಿದ ಹಾಗೆ ಅಲಂಕಾರ ಮಾಡಿಕೊಡೋರೂ ಇದ್ದಾರೆ. ಅದಕ್ಕೆ ದುಡ್ಡು ಸುರಿಯಬೇಡ, ನಿಜವಾದ ಮಡಕೆ ಅವರ ಹಿತ್ತಲಲ್ಲಿ ಉಕ್ಕುತ್ತಿರುತ್ತೆ.

ಮನೆಯಲ್ಲೇ ಮಾಡ್ತೀನಿ ಅಂದರೆ ಇನ್ನೂ ಸಂತೋಷ. ಒಂದು ಎಚ್ಚರ, ಸೆಲ್ಫ್ ರೈಸಿಂಗ್ ಹಿಟ್ಟಿನಲ್ಲಿ ಬೇಕಿಂಗ್ ಪೌಡರ್ ಮೊದಲೇ ಬೆರೆಸಿರ್ತಾರೆ. ಊರ ಅಳತೆಯಲ್ಲಿ ಮತ್ತೆ ಹಾಕಿದರೆ ಉಬ್ಬಿ ನಡುವೆ ಕುಸಿಯುತ್ತೆ. ನಮ್ಮ ಮೈದಾಗೆ ಹತ್ತಿರದ್ದು ಪ್ಲೇನ್ ಹಿಟ್ಟು. ಮೊಸರಿಗೆ ಸೋಡಾ ಹಾಕಿ ನೊರೆ ಬಂದ ಮೇಲೆ ಹಿಟ್ಟು ಕಲಸು, ಎರಡು ಚಮಚ ಕಸ್ಟರ್ಡ್ ಪುಡಿ ಸೇರಿಸು. ಬರ್ಡ್ಸ್ ಕಸ್ಟರ್ಡ್ ಪುಡಿಗೆ ಮೊಟ್ಟೆ ಇಲ್ಲ. 1837ರಲ್ಲಿ ಬರ್ಮಿಂಗ್‌ಹ್ಯಾಮಿನ ಆಲ್ಫ್ರೆಡ್ ಬರ್ಡ್ ಅನ್ನೋನು ಅದನ್ನು ಕಂಡುಹಿಡಿದದ್ದೇ ಹೆಂಡತಿಗೆ ಮೊಟ್ಟೆ ಆಗದು ಅಂತ. ಹೆಂಡತಿ ಏನು ತಿಂದರೆ ಆಗಲ್ಲ ಅಂತ ತಲೆ ಕೆಡಿಸಿಕೊಂಡ ಗಂಡಸು ಈ ದೇಶದಲ್ಲಿ ಅಷ್ಟು ಹಿಂದೆಯೇ ಇದ್ದ ನೋಡು. ಮೊಟ್ಟೆ ಇಲ್ಲದ ಕೇಕು ಬೇಗ ಒಣಗುತ್ತೆ, ಮಾಡಿದ ದಿನವೇ ಕೊಡು.

ಮೊಟ್ಟೆ ಇಲ್ಲದೆ ಕೇಕು ಮಾಡೋದೇನು ದೊಡ್ಡ ವಿದ್ಯೆ ಅಂತ ಇಲ್ಲಿ ಯಾರಾದರೂ ಮೂಗು ಮುರಿದರೆ ನಮ್ಮ ಹಾಸನದ ಕಡೆಯ ಅಯ್ಯಂಗಾರರ ಕಥೆ ಹೇಳು. ಮನೆಯಲ್ಲಿ ತಮಿಳು, ಬೀದಿಯಲ್ಲಿ ಕನ್ನಡ ಆಡಿಕೊಂಡು, ಬೆಂಗಳೂರಿಗೆ ಹೋಗಿ, ಬೀದಿಗೊಂದು ಬೇಕರಿ ಇಟ್ಟು, ಜೇನು ಸುರಿದ ಹನಿ ಕೇಕಿನ ಮೇಲೆ ಜಾಮ್ ಸವರಿ ಕೊಬ್ಬರಿ ಉದುರಿಸಿ ಮೂರು ತಲೆಮಾರು ಮಕ್ಕಳಿಗೆ ತಿನ್ನಿಸಿದರಲ್ಲ. ಆ ಕೇಕಿನ ಮುಂದೆ ಇವರ ಹತ್ತಿಯ ಕೇಕು ಏನೂ ಅಲ್ಲ ಅಂತ ಈಗ ಹೇಳ್ತೀನಿ. 2006ರಲ್ಲಿ ಹೇಳಲಿಲ್ಲ.

ಬೆಳಗ್ಗೆ ಹೋಗುವಾಗ ಕೇಕು ಬೇಡ. ಅವರ ಪೂಜೆಗೆ ಹಣ್ಣು, ಹೂವು, ಒಂದು ಉಂಡೆ ಬೆಲ್ಲ ಸಾಕು. ಕಬ್ಬು, ಅರಿಶಿನದ ಗಿಡ ಹೈ ಸ್ಟ್ರೀಟ್ ನಾರ್ತ್‌ನ ತಮಿಳು ಅಂಗಡಿಗಳಿಗೆ ಆ ವಾರ ಬರುತ್ತೆ. ಕೇಕು ಸಂಜೆ ಮಕ್ಕಳಿಗೆ. ಮೇಣದಬತ್ತಿ ಹಚ್ಚಿ ಊದಿ ಆರಿಸೋ ಶಾಸ್ತ್ರ ದೇವರ ಮನೆ ಕಡೆಗೆ ಮಾಡಬೇಡ, ದೊಡ್ಡವರಿಗೆ ಕಸಿವಿಸಿ ಆಗುತ್ತೆ. ಅವರ ಮನೆಯಲ್ಲಿ ಯಾರು ಏನು ಬಿಟ್ಟಿದ್ದಾರೆ ಅಂತ ಮೊದಲೇ ಅವರ ಹತ್ತಿರ ಕೇಳಿಟ್ಟುಕೋ. ಡಬ್ಬಿಯ ಲೇಬಲ್ ಕತ್ತರಿಸಿ ಎಸೆಯದೆ ಕೇಕಿನ ಜೊತೆಗೇ ಕೊಡು, ಅವರೇ ಓದಿಕೊಳ್ಳಲಿ.

ಪೊಂಗಲ್ 14ಕ್ಕೋ 15ಕ್ಕೋ ಅಂತ ಅವರ ಪಂಚಾಂಗ ಕೇಳಿ ಆರ್ಡರ್ ಕೊಡು. ಅದು ನಮ್ಮ ಸಂಕ್ರಾಂತಿಯೂ ಹೌದು, ಮರೆತುಬಿಟ್ಟೀಯ. ಮಾರನೆಯ ದಿನ ಹ್ಯಾರೋಗೆ ನಮ್ಮ ಮನೆಗೆ ಬಾ, ಎಳ್ಳು ಬೀರೋಕೆ. ನಿಮ್ಮಮ್ಮ ಪಾರ್ಸಲ್‌ನಲ್ಲಿ ಸಕ್ಕರೆ ಅಚ್ಚು ಕಳಿಸಿದ್ದಾರೆ ಅಂದೆಯಲ್ಲ, ತಗೊಂಡು ಬಾ, ಆನೆಯ ಸೊಂಡಿಲು ಮುರಿದಿದ್ದರೂ ಪರವಾಗಿಲ್ಲ.